ಬಸ್ಸಿನ ಮೇಲಿನ ಬಿಸಿನೀರು

ಕೊಳಾಯಿ ಸಾಮಾನಿನ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಕ್ಕ, ತಮ್ಮ ನಿಂತಿದ್ದರು. ಅವರ ಅಪ್ಪ ಹಳೇ ಬಸ್ಸನ್ನೇ ಮನೆ ಮಾಡಿಕೊಂಡು, ಸ್ನಾನದ ನೀರು ಬಿಸಿಲಿಗೆ ಕಾಯಲೆಂದು ಅದರ ನೆತ್ತಿಯ ಮೇಲೆ ಪುಟ್ಟ ಕಪ್ಪು ಟ್ಯಾಂಕು ಕೂರಿಸಿದ್ದರಂತೆ. ಹಿಂದಿನ ರಾತ್ರಿ ಇವರಿಬ್ಬರೂ ಆ ಬಸ್ಸಿನಲ್ಲೇ ಮಲಗಿದ್ದರಂತೆ.

"ನಸುಕಿನಲ್ಲಿ ಮೇಲೆ ಟಿಣ್ ಅಂತು, ಕೇಳಿಸ್ತಾ ಅಕ್ಕ?"

"ಅಪ್ಪನ ಗೊರಕೇಲಿ ನಿನಗೆ ಅದೂ ಕೇಳಿಸ್ತಾ? ಬೆಕ್ಕಿರಬೇಕು."

"ಏಣಿ ಹಾಕಿದ್ದೂ ಬೆಕ್ಕೇನಾ?"

ಅಕ್ಕ ದನಿ ತಗ್ಗಿಸಿದಳು. "ಮೂರು ದಿನದಿಂದ ಮೋಡ ಕಣೋ. ಇವತ್ತೂ ನೀರು ಕಾಯದಿದ್ರೆ ಅಪ್ಪ ಬಸ್ಸು ಮಾರಿ ನಿನ್ನ ಮನೆಗೆ ಬರ್ತೀನಿ ಅಂದಿದ್ರಲ್ಲ. ನಾಲ್ಕು ಗೋಡೆ ಮಧ್ಯೆ ಅವರಿಗೆ ಉಸಿರು ಕಟ್ಟುತ್ತೆ. ಅದಕ್ಕೇ ನಾನೇ ಒಲೆ ಮೇಲೆ ಕಾಯಿಸಿ ಟ್ಯಾಂಕಿಗೆ ಒಂದು ಪಾತ್ರೆ ಸುರಿದೆ."

"ನಾನೂ ಒಂದು ಸುರಿದೆ."

"ಅಯ್ಯೋ! ಅದಕ್ಕೇ ಸ್ನಾನದಲ್ಲಿ ಹಾಗೆ ಕೂಗಿಕೊಂಡ್ರು!"

"ಆಮೇಲೆ ಮುಖ ನೋಡಿದ್ಯಾ? ಮೋಡದಲ್ಲೇ ಇಷ್ಟು ಸುಟ್ರೆ ಬಿಸಿಲಲ್ಲಿ ಏನು ಗತಿ, ತಣ್ಣೀರು ಬೆರೆಸೋ ನಲ್ಲಿ ತನ್ನಿ ಅಂತ ನಮ್ಮನ್ನೇ ಓಡಿಸಿದ್ರು."

ಅಂಗಡಿಯವನು ನಲ್ಲಿ ಕೊಟ್ಟ. ತಮ್ಮ ಅದನ್ನು ತಿರುವಿ ನೋಡಿದ.

"ಹೇಳಿಬಿಡೋಣವಾ ಅಕ್ಕ?"

"ಬೇಡ. ನಿನ್ನ ಹೆಂಡತಿಗೂ ಬೇಡ."

"ನಾಳೆಯೂ ಮೋಡ ಇದ್ರೆ?"

"ನಾಳೆ ನೀನೊಬ್ಬನೇ ಹತ್ತು. ಇಳಿದ ಮೇಲೆ ಏಣಿ ತೆಗೆದಿಡು."