ಕಿರೀಟಕ್ಕೆ ಸಾಲದ ಟ್ರಕ್ಕು

ಪೂರ್ವ ಲಾಸ್ ಏಂಜಲೀಸಿನ ಗೌನಿನ ಅಂಗಡಿಯಲ್ಲಿ ಹಣ ಕಟ್ಟುವ ಸಾಲಿನಲ್ಲಿ ನಿಂತಿದ್ದ ಮರಿಸೋಲಳ ಕಿವಿ ಮುಂದಿದ್ದ ಅಪ್ಪ ಮಗಳ ಮಾತಿಗೆ ನೆಟ್ಟಗಾಯಿತು. ಮಗಳ ಕೈಯಲ್ಲಿ ಹದಿನೈದು ತುಂಬುವ ಹಬ್ಬದ ಕಿರೀಟವಿತ್ತು.

“ಇದಕ್ಕಿಂತ ಗಿಡ್ಡಂದು ಸಿಗಲ್ವೇನೇ, ನಯೇಲಿ?”

“ಟ್ರಕ್ಕಿನ ಚಾವಣಿ ಕತ್ತರಿಸಿ ತಗ್ಗಿಸಿದ್ದು ಸಾಲ್ದಾ, ಅಪ್ಪಾ? ಇದನ್ನೂ ತಗ್ಗಿಸ್ಬೇಕಾ?”

“ನಾಲ್ಕೇ ಇಂಚು ಕಣೇ. ಗಾಡಿ ಗಿಡ್ಡ ಇದ್ದಷ್ಟೂ ಚಂದ, ಬೀದಿಯವರೆಲ್ಲ ತಿರುಗಿ ನೋಡ್ತಾರೆ.”

“ನೋಡ್ದೆ ಇರ್ತಾರಾ? ಒಳಗೆ ನಮ್ಮಜ್ಜಿ ಮೊಣಕಾಲಿಗೆ ಹಣೆ ತಾಗಿಸ್ಕೊಂಡು ಕೂತಿರ್ತಾಳೆ! ಅಳತೆ ಹೆಂಗ್ ತಗೊಂಡೆ?”

“ನಾನೇ ಕೂತು ನೋಡ್ದೆ. ಓಡಿಸುವಾಗ ಕೂರ್ತೀನಲ್ಲ, ಹಂಗೇ. ಸೀಟು ಹಿಂದಕ್ಕೆ ಬಾಗಿಸಿ, ಸೊಂಟ ಜಾರಿಸಿ, ಅರ್ಧ ಮಲಗಿ. ನೆಟ್ಟಗೆ ಕೂರೋ ಜನಾನೂ ಇದ್ದಾರೆ ಅಂತ ಈ ಮಹಾಜಾಣನಿಗೆ ಹೊಳೀಲೇ ಇಲ್ಲ.”

ಮಗಳು ನಕ್ಕಳು. ಅಪ್ಪ ನಗಲಿಲ್ಲ.

“ನೀನು ಹುಟ್ಟಿದಾಗಿಂದ ನಿನ್ನ ಈ ಹಬ್ಬದ ಮೆರವಣಿಗೆಗೇ ಅಂತ ಕಟ್ಟಿದ ಗಾಡಿ. ಹೋಗ್ಲಿ, ಚರ್ಚಿಗೆ ಚಿಕ್ಕಪ್ಪನ ಕಾರಲ್ಲೇ ಬಾ.”

“ಯಾಕೆ? ಟ್ರಕ್ಕಿನ ಹಿಂದುಗಡೆ ಚಾವಣೀನೇ ಇಲ್ವಲ್ಲ. ಅಲ್ಲೊಂದು ಕುರ್ಚಿ ಹಾಕು, ರಾಣಿ ಥರ ಕೂರ್ತೀನಿ. ನೀನು ಮೆಲ್ಲಗೆ ಓಡಿಸಿದ್ರೆ ಸಾಕು.”

“ಮೆಲ್ಲಗಾ? ಈ ಟ್ರಕ್ಕನ್ನ ಹಾಲಿನ ಗಾಡಿಯವನೂ ಹಿಂದೆ ಹಾಕ್ತಾನೆ, ಮಗಳೇ.”

ಎತ್ತರದ ಕಿರೀಟವನ್ನೇ ಕೊಂಡು ಇಬ್ಬರೂ ಹೊರನಡೆದರು. ಗಾಜಿನಾಚೆ ಅಪ್ಪ ಹ್ಯಾಟು ತೆಗೆದು, ತಲೆ ತಗ್ಗಿಸಿ ಟ್ರಕ್ಕಿನೊಳಗೆ ತೂರಿಕೊಂಡ. ಮಗಳು ಕಿರೀಟವಿಟ್ಟುಕೊಂಡು ಹಿಂದೆ ಹತ್ತಿದಳು.