ಡಾಕ್ಟರ ಬೆರಳಿಗೆ ಸಿಕ್ಕ ಗಂಟು

ಅಧ್ಯಕ್ಷ ಪೀಠದಲ್ಲಿರುವ ತಹಶೀಲ್ದಾರ್ ಸಾಹೇಬರೇ, ಧರ್ಮಪುರಿಗೆ ವರ್ಗವಾಗಿ ನಮ್ಮ ಹೊಸೂರನ್ನು ಬಿಟ್ಟು ಹೊರಟಿರುವ ಡಾಕ್ಟರ್ ವೆಂಕಟರಾಮಪ್ಪನವರೇ, ಮುಂದಿನ ಸಾಲಿನ ಹಿರಿಯರೇ, ಜಮಖಾನದ ಮೇಲೆ ಕುಳಿತಿರುವ ತಾಯಂದಿರೇ, ಜಾಗ ಸಿಗದೆ ಕಿಟಕಿಯ ಹೊರಗೆ ನಿಂತಿರುವ ಸಭಿಕರೇ,

ಡಾಕ್ಟರನ್ನು ಹೊಗಳಿ ನಾಲ್ಕು ಮಾತಾಡಿ ಎಂದು ನನಗೆ ಅಪ್ಪಣೆಯಾಗಿದೆ. ನಾನು, ಅವಲಪಲ್ಲಿಯ ಮುತ್ತರಾಯಪ್ಪ, ಹೊಸೂರು–ಬೆಂಗಳೂರು ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಕಂಡಕ್ಟರನಾಗಿದ್ದವನು. 'ಮುಂದಕ್ಕೆ ಹೋಗಿ, ಒತ್ತಿ ಕೂತ್ಕೊಳ್ಳಿ' ಎಂಬುದಕ್ಕಿಂತ ದೊಡ್ಡ ಭಾಷಣವನ್ನು ಎಂದೂ ಮಾಡಿದವನಲ್ಲ. ಆದ್ದರಿಂದ ನನ್ನ ಪರಿಚಯದ ಒಬ್ಬ ರೋಗಿಯ ಕಥೆ ಹೇಳಿ ಮುಗಿಸುತ್ತೇನೆ. ಅರವತ್ತೊಂದು ವರ್ಷದ ಮನುಷ್ಯ. ಹೆಸರು ಬೇಡ. ಅವನಿಗೆ ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು. ಹೋದರೆ ಹನಿ ಹನಿಯಾಗಿ ಬರುವುದು. ಹೀಗಿರುವಾಗ ಒಂದು ದಿನ ಅತ್ತಿಬೆಲೆಯ ಹತ್ತಿರ ನಾನು ಬಸ್ಸು ನಿಲ್ಲಿಸಿ...

ನಗಬೇಡಿ. ಸರಿ, ಆ ಮನುಷ್ಯ ನಾನೇ. ಇನ್ನು ಮುಚ್ಚುಮರೆ ಯಾಕೆ?

ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಬಂದ ಇದ್ದಿಲು ಗ್ಯಾಸಿನ ಬಸ್ಸು ನಿಮಗೆಲ್ಲ ನೆನಪಿರಬೇಕು. ಯುದ್ಧ ಮುಗಿದರೂ ನಮ್ಮ ಬಸ್ಸು ಇದ್ದಿಲು ಬಿಟ್ಟಿರಲಿಲ್ಲ. ಮೈಲಿಗೊಮ್ಮೆ ಕೆಮ್ಮಿ ನಿಲ್ಲುತ್ತಿತ್ತು. ಅದು ನನ್ನ ಪುಣ್ಯ! ಬಸ್ಸಿಗೆ ನೀರು ಹಾಕಲು ನಿಲ್ಲಿಸಿದ್ದಾರೆ ಎಂದು ಜನ ತಿಳಿದಿದ್ದರು. ನಿಲ್ಲಿಸಿದ್ದು ಕಂಡಕ್ಟರು ನೀರು ಬಿಡಲು. ಬೆಂಗಳೂರು ತಲುಪುವಷ್ಟರಲ್ಲಿ ಏಳು ಸಲ ಹುಣಸೆಮರ ಹುಡುಕುತ್ತಿದ್ದೆ. ಅದಕ್ಕೂ ಮುಂಚೆ ಎಷ್ಟು ಮುದುಕರು 'ಅಪ್ಪಾ, ಒಂದ್ ಗಳಿಗೆ ನಿಲ್ಸಪ್ಪ' ಎಂದು ಅಂಗಲಾಚಿದ್ದರು, ಎಷ್ಟು ಜನರನ್ನು ನಾನು ಗದರಿದ್ದೆ! ದೇವರು ಮರೆಯುವುದಿಲ್ಲ ಸ್ವಾಮಿ.

ಆಗಲೇ ಡಾಕ್ಟರ ಹತ್ತಿರ ಹೋಗಬಹುದಿತ್ತಲ್ಲವೇ? ಹೋಗಲಿಲ್ಲ. ತೊರಪಲ್ಲಿ ಅಗ್ರಹಾರದಲ್ಲಿರುವ ನನ್ನ ಬಾಲ್ಯಸ್ನೇಹಿತ ಆವುಲಪ್ಪನ ಹತ್ತಿರ ಹೋದೆ. ಅವನು ವೈದ್ಯನಲ್ಲ, ಆದರೆ ಬುದ್ಧಿ ಹೇಳುವುದರಲ್ಲಿ ಧಾರಾಳಿ. 'ಉಷ್ಣ ಕಣ್ಲಾ! ಬಾರ್ಲಿ ಗಂಜಿ ಕುಡಿ, ಸೌತೆಬೀಜ ಅರ್ದು ಕುಡಿ' ಎಂದ. ಏಳು ತಿಂಗಳು ಕುಡಿದೆ. ಬಾಗಿಲು ಮುಚ್ಚಿಕೊಳ್ಳುತ್ತಿರುವ ಮನೆಗೆ ದಿನವೂ ಹೊಸ ನೆಂಟರನ್ನು ತುಂಬಿದ ಹಾಗಾಯಿತು. ಅಷ್ಟರಲ್ಲಿ ಸೊಂಟ ನೋವು ಶುರುವಾಯಿತು. ಬಸ್ಸಿನ ಕುಲುಕಾಟಕ್ಕೆ ಹೀಗಾಗಿದೆ ಎಂದುಕೊಂಡೆ.

ಹೋದ ವರ್ಷ ಯುಗಾದಿಯ ಮರುದಿನ ಮೂತ್ರ ಪೂರ್ತಿ ಕಟ್ಟಿಕೊಂಡಿತು. ಬೆಳಿಗ್ಗೆಯಿಂದ ಒಂದು ಹನಿಯಿಲ್ಲ. ಹೊಟ್ಟೆ ತಮಟೆಯ ಹಾಗೆ ಬಿಗಿಯಿತು. ನನ್ನ ಮನೆಯಾಕೆ ಬೈರಮ್ಮ ಗಾಡಿ ಕಟ್ಟಿಸಿ ನನ್ನನ್ನು ಆಸ್ಪತ್ರೆಗೆ ಸಾಗಿಸಿದಳು. ದಾರಿಯ ಪ್ರತಿ ಕಲ್ಲಿಗೂ ನಾನೊಂದು ದೇವರಿಗೆ ಹರಕೆ ಹೊತ್ತೆ. ಈ ಮಹಾನುಭಾವರು ಒಂದು ರಬ್ಬರ್ ನಳಿಗೆ ತಂದು, ಒಂದು ಮಾತೂ ಬಯ್ಯದೆ, ನಿಧಾನವಾಗಿ ಒಳಗೆ ಬಿಟ್ಟರು. ಆಗ ಸಿಕ್ಕಿತು ನೋಡಿ ಸುಖ! ಸಭೆಯಲ್ಲಿ ಹೇಳಬಾರದು, ಆದರೂ ಹೇಳುತ್ತೇನೆ: ನನ್ನ ಮದುವೆಯ ದಿನವೂ ನಾನು ಅಷ್ಟು ಸಂತೋಷಪಟ್ಟಿರಲಿಲ್ಲ. ಬೈರಮ್ಮ, ಹಾಗೆ ನೋಡಬೇಡ.

ಆಮೇಲೆ ಡಾಕ್ಟರು ಕೈಗೆ ರಬ್ಬರ್ ಚೀಲ ಹಾಕಿಕೊಂಡು, ಪಕ್ಕಕ್ಕೆ ತಿರುಗಿ ಮಲಗಿ ಮಂಡಿಯನ್ನು ಎದೆಗೆ ಒತ್ತಿಕೊಳ್ಳಲು ಹೇಳಿದರು.

'ಸ್ವಾಮಿ, ಕಾಯ್ಲೆ ಮುಂದ್ಗಡೆ ಐತೆ. ನೀವು ಹಿಂದ್ಗಡೆ ಯಾಕೆ ಬತ್ತೀರಿ?' ಎಂದೆ.

'ಮುತ್ತರಾಯಪ್ಪನೋರೆ, ಮೂತ್ರದ ಚೀಲದ ಕೆಳಗೆ ಗಂಡಸ್ರಿಗೆ ಪ್ರಾಸ್ಟೇಟ್ ಅಂತ ಒಂದ್ ಗ್ರಂಥಿ ಐತೆ. ಮೂತ್ರದ ದಾರಿ ಅದ್ರೊಳಗೇ ಹಾದು ಬರೋದು. ಅದನ್ನ ಮುಟ್ಟಿ ನೋಡೋಕೆ ಇದೊಂದೇ ಬಾಗ್ಲು' ಎಂದರು.

ಅರ್ಧ ನಿಮಿಷದ ಕೆಲಸ. ನಾನು ಕೂಗಿದ ಕೂಗು ಮೂಕಂಡಪಲ್ಲಿಗೆ ಕೇಳಿಸಿತು ಎನ್ನುತ್ತಾರೆ. ಅದು ನೋವಿಗಲ್ಲ, ಮರ್ಯಾದೆ ಹೋದದ್ದಕ್ಕೆ. ಆದರೆ ಕೈ ತೊಳೆದುಕೊಂಡು ತಿರುಗಿದ ಡಾಕ್ಟರ ಮುಖದಲ್ಲಿ ನಗುವಿರಲಿಲ್ಲ. ವಯಸ್ಸಾದಂತೆ ಈ ಗ್ರಂಥಿ ಊದುವುದು ಸಾಮಾನ್ಯ, ಅದು ಮೆತ್ತಗಿರುತ್ತದೆ, ಬಹಳ ಮಂದಿಗೆ ಅಷ್ಟೇ ಇರುತ್ತದೆ ಎಂದರು. 'ನಿಮ್ದು ಒಂದ್ ಕಡೆ ಕಲ್ಲಿನ ಹಾಗೆ ಗಂಟು ಕಟ್ಟೈತೆ. ಬೆಂಗಳೂರಿಗೆ ಹೋಗಿ ನೋಡಿಸ್ಬೇಕು.'

ನನ್ನದೇ ಬಸ್ಸಿನಲ್ಲಿ ಪ್ರಯಾಣಿಕನಾಗಿ ಹೋದೆ. ಅಲ್ಲಿ ರಕ್ತ ತೆಗೆದರು, ಗಂಟಿನಿಂದ ಅಕ್ಕಿಕಾಳಿನಷ್ಟು ಚೂರು ತೆಗೆದರು, ಸೊಂಟದ ಎಕ್ಸ್‌ರೇ ತೆಗೆದರು. ಎಲುಬಿನ ಪಟದಲ್ಲಿ ಸುಣ್ಣ ಚಿಮುಕಿಸಿದ ಹಾಗೆ ಬಿಳಿ ಮಚ್ಚೆಗಳು. ಕಾಗದ ತಂದು ನಮ್ಮ ಡಾಕ್ಟರ ಕೈಗೆ ಕೊಟ್ಟೆ. ಅವರು ಸುಳ್ಳು ಹೇಳಲಿಲ್ಲ. ಕ್ಯಾನ್ಸರ್ ಎಂದರು. ಎಲುಬಿಗೂ ಹೋಗಿದೆ ಎಂದರು. ಮೊದಲೇ ಬಂದಿದ್ದರೆ ಗ್ರಂಥಿಯನ್ನೇ ತೆಗೆಯುವ ಯೋಚನೆ ಮಾಡಬಹುದಿತ್ತು ಎಂದರು. ಆ ಏಳು ತಿಂಗಳ ಬಾರ್ಲಿ ಗಂಜಿ ನನ್ನ ಗಂಟಲಿಗೆ ವಾಪಸು ಬಂದಂತಾಯಿತು.

'ಹಂಗಾದ್ರೆ ಮುಗೀತಾ ಸ್ವಾಮಿ?'

'ಇಲ್ಲ. ಗಂಡಸಿನ ಮೈಯಲ್ಲಿ ಊರೋ ರಸವೇ ಈ ಕಾಯ್ಲೆಗೆ ಊಟ. ಊಟ ನಿಲ್ಸಿದ್ರೆ ಅದು ಸೊರಗ್ತದೆ. ಇದು ಐದಾರು ವರ್ಷದಿಂದೀಚೆಗೆ ಗೊತ್ತಾಗಿರೋ ದಾರಿ.' ಅದಕ್ಕೆ ಒಂದು ಮಾತ್ರೆ ಇದೆ, ಸಿಗುವುದು ಕಷ್ಟ; ಇಲ್ಲವೇ ಶಸ್ತ್ರಚಿಕಿತ್ಸೆ ಮಾಡಿ ಬೀಜಗಳೆರಡನ್ನೂ ತೆಗೆದುಬಿಡಬೇಕು ಎಂದರು.

ತಾಯಂದಿರು ಕ್ಷಮಿಸಬೇಕು. ಮೂರು ದಿನ ಕನ್ನಡಿಯ ಮುಂದೆ ನಿಂತು ಮೀಸೆ ಮುಟ್ಟಿ ನೋಡಿಕೊಂಡೆ. ಗಂಡಸು ಎಂದರೆ ಏನು? ಮೀಸೆ ಉದುರುತ್ತದೆಯೇ? ಊರಿನವರು ಏನೆಂದಾರು? ಕೊನೆಗೆ ಬಾಯಿ ಬಿಟ್ಟು ಬೈರಮ್ಮನಿಗೆ ಹೇಳಿದೆ. ಅವಳು ರಾಗಿ ಬೀಸುತ್ತಿದ್ದಳು. ಕೈ ನಿಲ್ಲಿಸಲೇ ಇಲ್ಲ.

'ಆರು ಮಕ್ಳು ಹೆತ್ತಾಯ್ತು, ಮೊಮ್ಮಕ್ಳು ಅಂಗ್ಳದಾಗೆ ಆಡ್ತಾವೆ. ಇನ್ನು ಅವುನ್ನ ಇಟ್ಕಂಡು ಯಾವ ರಾಜ್ಯ ಗೆಲ್ಬೇಕು ನೀನು? ತೆಗ್ಸಾಕು' ಎಂದಳು. ಸ್ವಲ್ಪ ಹೊತ್ತಿನ ಮೇಲೆ ಬೀಸುವ ಕಲ್ಲು ನಿಂತಿತು. 'ನಂಗೆ ನೀನಿದ್ರೆ ಸಾಕು' ಎಂದಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಅಂಥ ಮಾತನ್ನು ಅದೊಂದೇ ಸಲ ಆಡಿದ್ದು.

ತೆಗೆಸಿದೆ. ವಾರದೊಳಗೆ ಸೊಂಟದ ನೋವು ಇಳಿಯಿತು. ಕೋಲು ಹಿಡಿದು ಹೋದವನು ಕೋಲನ್ನು ಕಂಕುಳಲ್ಲಿಟ್ಟುಕೊಂಡು ಬಂದೆ. ಮೀಸೆ ಇದೆ, ನೋಡಿ. ಆದರೆ ಕಾಲು ಗಂಟೆಗೊಮ್ಮೆ ಮೈಯೆಲ್ಲ ಕೆಂಡವಾಗಿ ಬೆವರು ಹರಿಯುತ್ತಿತ್ತು. ಎಂಟು ವರ್ಷದ ಹಿಂದೆ, ಮುಟ್ಟು ನಿಲ್ಲುವ ಕಾಲಕ್ಕೆ, ಬೈರಮ್ಮನಿಗೂ ಹೀಗೇ ಆಗುತ್ತಿತ್ತು. ಆಗ ನಾನು 'ಏನೇ ಇದು ನಿನ್ ನಾಟ್ಕ' ಎಂದು ರೇಗಿದ್ದೆ. ಈಗ ಅವಳು ಬೀಸಣಿಗೆ ತಂದು ಪಕ್ಕದಲ್ಲಿ ಕುಳಿತು ಬೀಸಿದಳು. 'ಇವಾಗ ಗೊತ್ತಾಯ್ತಾ?' ಎಂದಳು, ಅಷ್ಟೇ. ಗೊತ್ತಾಯಿತು, ಬೈರಮ್ಮ. ತಪ್ಪಾಯಿತು. ಇದು ನಾನು ಬರೆದುಕೊಂಡು ಬಂದ ಹಾಳೆಯಲ್ಲಿಲ್ಲ. ಬಾಯಿಗೆ ಬಂತು, ಹೇಳಿದೆ.

ನನಗೆ ಪೂರ್ತಿ ಗುಣವಾಗಿದೆಯೇ? ಇಲ್ಲ. 'ಕಾಯ್ಲೆ ಮಲಗೈತೆ, ಸತ್ತಿಲ್ಲ' ಎಂದು ಡಾಕ್ಟರು ಹೇಳಿದ್ದಾರೆ. ಎಷ್ಟು ದಿನ ಮಲಗೀತು ಎಂದು ಕೇಳಿದ್ದಕ್ಕೆ 'ನಂಗೊತ್ತಿಲ್ಲ' ಎಂದರು. ಗೊತ್ತಿಲ್ಲ ಎನ್ನುವ ಧೈರ್ಯ ಎಷ್ಟು ಜನ ದೊಡ್ಡವರಿಗಿದೆ? ಅದಕ್ಕೇ ನಾನು ಅವರನ್ನು ನಂಬಿದೆ.

ಐವತ್ತು ದಾಟಿದ ಗಂಡಸರೇ, ನಕ್ಕಿದ್ದು ಸಾಕು. ಹನಿ ಕಟ್ಟಿದರೆ ನಾಚಿಕೊಂಡು ಕೂರಬೇಡಿ. ಕಂಬದ ಪಕ್ಕದಲ್ಲಿ ಕುಳಿತಿರುವ ಆವುಲಪ್ಪ, ನಿನಗೇ ಹೇಳುತ್ತಿದ್ದೇನೆ. ನಾನು ಮಾತು ಶುರುಮಾಡಿದ ಮೇಲೆ ನೀನು ಮೂರು ಸಲ ಎದ್ದು ಹೊರಗೆ ಹೋಗಿ ಬಂದೆ. ನನ್ನ ಭಾಷಣ ಅಷ್ಟು ಕೆಟ್ಟದಾಗಿಲ್ಲ ಕಣ್ಲಾ. ಡಾಕ್ಟರು ನಾಳೆ ಮಧ್ಯಾಹ್ನದವರೆಗೂ ಊರಲ್ಲಿರುತ್ತಾರೆ. ಬೆಳಿಗ್ಗೆ ನಾನೇ ಬಂದು ನಿನ್ನ ಕರೆದುಕೊಂಡು ಹೋಗುತ್ತೇನೆ, ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತೇನೆ. ನೀನು ಎಷ್ಟು ಕೂಗಿದರೂ ಯಾರಿಗೂ ಹೇಳುವುದಿಲ್ಲ.

ಆವುಲಪ್ಪ ಹೂಂ ಎಂದು ತಲೆ ಆಡಿಸಿದ. ಎಲ್ಲರೂ ನೋಡಿದಿರಲ್ಲ? ಸಾಕು, ನಾನು ಬಂದ ಕೆಲಸ ಆಯಿತು. ಡಾಕ್ಟರೇ, ಧರ್ಮಪುರಿಯವರು ಪುಣ್ಯವಂತರು. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ನಾನು ಋಣಿ. ಇರುವಷ್ಟು ದಿನವೂ ಋಣಿ. ನಮಸ್ಕಾರ.