ಟವೆಲ್ಲಿನ ಕೆಳಗಿನ ಬೆರಳು

ಮೂರಕ್ಕ ಮೂರು ಸರಿ ಹೇಳಿದ್ರ ನಾ ಸೀದಾ ತಾಂಬಾಕ್ಕ, ನನ್ನ ಮನಿಗೆ. ಒಂದು ತಪ್ಪಿದ್ರೂ ಸೊಲ್ಲಾಪುರಕ್ಕ, ಆಪರೇಶನ್ನಿಗೆ. ಇದ ಸೌದಾ, ಹೌದಲ್ರಿ ಡಾಕ್ಟರಬಾಯಾರ? ಆಮ್ಯಾಲ ಮಾತು ತಿರುಗಸಾಂಗಿಲ್ಲ ಮತ್ತ! ನೀವು ಇಂಡಿಯೊಳಗ ದವಾಖಾನಿ ತಗದು ಎರಡು ವರ್ಷ ಆತು. ನಾ ಮೂವತ್ತು ವರ್ಷದಿಂದ ಎತ್ತಿನ ವ್ಯಾಪಾರ ಮಾಡಾಕತ್ತೇನಿ. ಶ್ರೀಶೈಲಪ್ಪನ ಸೌದಾ ಮುರದೈತಿ ಅಂತ ಯಾವನರ ಹೇಳಲಿ ನೋಡೋಣು.

ಯಾಕ ನಗ್ತೀರಿ? ಕಾಲ ಮ್ಯಾಲ ಟವೆಲ್ ಹಾಕ್ರಿ ಅಂದದ್ದಕ್ಕನ? ದನದ ಸಂತ್ಯಾಗ ಹಂಗ ಅಲ್ರಿ. ಮ್ಯಾಲ ಟವೆಲ್, ಕೆಳಗ ಬೆರಳು. ಬೆರಳು ಒತ್ತಿದ ಮ್ಯಾಲ ರೇಟು ಕೊಳ್ಳಾಂವಗ ಗೊತ್ತು, ಮಾರಾಂವಗ ಗೊತ್ತು. ನಿಂತು ನೋಡೋ ಮಂದಿಗೆ ಮಾರಿ ನೋಡಿದ್ರೂ ತಿಳಿಬಾರದು. ನನ್ನ ಮಾರಿ ಇವತ್ತಿನ ತನ ಯಾರೂ ಓದಿಲ್ಲ. ಇಲ್ಲಿ ಕೈ ಬದಲು ಕಾಲು, ಅಷ್ಟ ಫರಕು. ನಾ ಕಣ್ಣು ಮುಚ್ಚಿ ಮಲಗತೇನಿ. ನೀವು ಸೂಜಿ ಮುಟ್ಟಸ್ರಿ, ಎಲ್ಲಿ ಅಂತ ನಾ ಹೇಳತೇನಿ.

ಹಾಂ... ಹೆಬ್ಬೆರಳು!

ಸುಮ್ನಿದ್ದೀರಿ, ಅಂದ್ರ ಸರಿ. ಒಂದಾತು.

ನೀವು ಹೇಳಿದ್ದು ನನಗ ತಿಳೀಲಿಲ್ಲ ಅಂತ ಅನಕೋಬ್ಯಾಡ್ರಿ. ಬೆನ್ನೆಲುಬಿನ ಮಣಕಿನ ನಡುವ ಮೆತ್ತಗ ಗಾದಿ ಇದ್ದಂಗ ಇರತೈತಿ. ಅದು ಜರಗಿ ನರದ ಮ್ಯಾಲ ಕುಂತೈತಿ. ಒತ್ತಿದ್ದು ಸೊಂಟದಾಗ, ಬೆಂಕಿ ಹತ್ತಿದ್ದು ಮೀನಖಂಡದಾಗ. ನೂರು ಮಂದ್ಯಾಗ ತೊಂಬತ್ತು ಮಂದಿಗೆ ಗುಳಿಗಿ, ಹಗೂರಕ ಅಡ್ಯಾಡೋದು, ಒಂದಾರು ವಾರ... ಕೊಯ್ಯೋದು ಬೇಕಾಗಿಲ್ಲ! ನಿಮ್ಮ ಬಾಯಿಂದನ ಬಂದ ಮಾತು. ನನ್ನ ಆ ತೊಂಬತ್ತರಾಗ ಹಾಕ್ರಿ, ಮುಗೀತು.

ಅಂಜೇನಿ? ನಾನಾ? ನಾ ಯಾಕ ಅಂಜಲಿ! ಬೆವರು... ಕರೆಂಟ ಇಲ್ಲಲ್ರಿ ನಿಮ್ಮಲ್ಲಿ, ಫ್ಯಾನು ನಿಂತೈತಿ.

ಅಲ್ಲ, ಒಂದು ಮಾತು. ಎತ್ತು ಕೊಳ್ಳೋ ಮುಂದ ನಾನೂ ಹಿಂಗ ಮಾಡತೇನಿ. ಹಿಂಗಾಲಿಗೆ ಜಾಲಿಮುಳ್ಳು ತಾಗಸತೇನಿ. ಝಾಡಿಸಿ ಒದ್ದರ ರೊಕ್ಕ ಎಣಸತೇನಿ. ಸುಮ್ನ ನಿಂತ್ರ... ಸುಮ್ನ ನಿಂತ ಎತ್ತು ಎಲ್ಲಿಗೆ ಹೋಗತೈತಿ ಅಂತ ನನಗ ಗೊತ್ತೈತ್ರಿ ಬಾಯಾರ. ಅದರ ಹಗ್ಗ ನಾನ ಕಟುಕರ ಕೈಯಾಗ ಕೊಟ್ಟೇನಿ. ಒಂದಲ್ಲ, ಎಷ್ಟೋ!

ಹೋಗ್ಲಿ ಬಿಡ್ರಿ. ಎರಡನೇದು ಚುಚ್ಚಿದ್ರ್ಯಾ?... ಚುಚ್ಚಿದ್ರಿ. ಗೊತ್ತಾತು. ಕಿರುಬೆರಳು.

ಹೌದಲ್ಲ?... ಹೌದಲ್ರಿ?

ನಾ ನಿಮಗ ಮೊದಲ ಹೇಳೇನಿ, ನನಗೀಗ ನೋವ ಇಲ್ಲ! ತಿಂಗಳ ಹಿಂದ ಕೆಮ್ಮಿದ್ರ ಸಾಕು, ಕುಂಡಿಯಿಂದ ಅಂಗಾಲ ತನ ಸಿಡಿಲು ಹೊಡದಂಗ ಆಗತಿತ್ತು. ನಿಂತ ಊಟ ಮಾಡೇನಿ, ನಿಂತ! ಈಗ ನೋಡ್ರಿ. ಮೊನ್ನೆ ಐತವಾರದಿಂದ ಒಂದು ಚೂರು ನೋವಿಲ್ಲ. ಇದು ಲಾಭ ಅಲ್ಲೇನು?

ಏನು? ಐತವಾರ ಏನಾತು ಅಂತನ? ಏನೂ ಆಗಲಿಲ್ಲ. ಅದರಷ್ಟಕ್ಕ ಅದು ಹೋತು.

...ನೀವು ಕೇಳದ ಬಿಡಾಂಗಿಲ್ಲ. ಹೇಳತೇನಿ ಹೇಳತೇನಿ. ನಮ್ಮ ಓಣ್ಯಾಗ ಶೆಟ್ಟೆವ್ವ ಅಂತ ಅದಾಳ. ಕಾಲು ಮುಂದಾಗಿ ಹುಟ್ಟಿದಾಕಿ. ಅಂಥವರು ತುಳದ್ರ ಬೆನ್ನಿನ ಹಿಡಕಿ ಬಿಡತೈತಿ ಅಂತ ನಮ್ಮಜ್ಜನ ಕಾಲದಿಂದ ಐತಿ. ಹೊಸ್ತಿಲದ ಮ್ಯಾಲ ಬೋರಲ ಮಲಗಿದೆ, ಮೂರು ಐತವಾರ ತುಳದ್ಲು. ಮೂರನೇ ಸಲ ಒಳಗ ಕಟ್ ಅಂತು ನೋಡ್ರಿ, ನೋವು ಅಲ್ಲೇ ಆರಿ ಹೋತು. ದೀಪಾ ಊದಿದಂಗ! ಖುಷಿಲೆ ಆಕಿಗೆ ಇಳಕಲ್ ಸೀರಿ ಉಡಿಸೇನಿ.

ಚಪ್ಪಲಿಗೆ ಹುರಿ ಯಾಕ ಕಟ್ಟೀನಿ ಅಂತೀರೇನು? ಹೊಸಾ ಚಪ್ಪಲಿ, ಜಾರತಾವ... ಎರಡೂ ಹೊಸಾವ ರೀ! ಎಡಗಾಲಿಂದು ಅಷ್ಟ ಜಾರತೈತಿ. ಆಗಬಾರದೇನು? ನಿಮ್ಮ ಕಣ್ಣ ಭಾಳ ಚುರುಕ ಬಿಡ್ರಿ, ಸಂತಿಗೆ ಬಂದಿದ್ರ ನಮ್ಮ ಹೊಟ್ಟಿ ಮ್ಯಾಲ ಹೊಡೀತಿದ್ರಿ.

ಮೂರನೇದು ಚುಚ್ಚಿ ಮುಗಸ್ರಿ. ಹೊರಗ ನಬಿಲಾಲ ಟೆಂಪೋ ಹಚ್ಚಿಕೊಂಡು ಕುಂತಾನ, ಬಿಟ್ರ ತಾಂಬಾಕ್ಕ ಹೊಂಟ್ವಿ.

...ನಡುವಿನ ಬೆರಳು.

ಮೂರಾತು! ತಗೀರಿ ಟವೆಲ್!

ಬಾಯಾರ?... ಕಣ್ಣ ತಗೀಲಿ?

ಇದೇನ್ರಿ ಇದು. ಹಿಮ್ಮಡಿ ಮ್ಯಾಲ ಕೆಂಪ ಚುಕ್ಕಿ. ಒಂದು, ಎರಡು... ಮೂರೂ ಹಿಮ್ಮಡಿ ಮ್ಯಾಲನ! ನೀವು ಬೆರಳ ಮುಟ್ಟೇ ಇಲ್ಲ! ಎತ್ತಿನ ದಲಾಲಿಗೇ ಮೋಸ ಮಾಡಿದ್ರಲ್ಲ ತಾಯಿ!... ರಕ್ತ ಬಂದೈತಿ. ನನಗ ಗೊತ್ತ ಆಗಲಿಲ್ಲ. ಒಂದೂ ಗೊತ್ತ ಆಗಲಿಲ್ಲ.

ನಗ್ರಿ ಈಗ. ಯಾಕ ನಗವಲ್ರಿ?

ಕಿಬ್ಬೊಟ್ಟಿ ಮ್ಯಾಲ ಯಾಕ ಕೈ ಇಡಾಕತ್ತೀರಿ? ಬ್ಯಾನಿ ಇರೋದು ಕಾಲಿಗೆ. ಒತ್ತಬ್ಯಾಡ್ರಿ... ಹೌದು, ಗಟ್ಟಿ ಆಗೈತಿ. ಊಟ ಜಾಸ್ತಿ ಆಗಿರಬೇಕು, ವಾಯು...

ಹಂಗ ನೋಡಬ್ಯಾಡ್ರಿ. ಏನರ ಕೇಳ್ರಿ. ಬೈಯ್ರಿ ಬೇಕಾದ್ರ!

ನೀವು ಹೆಣ್ಣುಮಕ್ಕಳು, ನನ್ನ ಮಗಳು ಐಶ್ವರ್ಯಾನ ವಾರಗಿಯವರು. ಯಾವ ಬಾಯಿಲೆ ಹೇಳಲಿ ನಾನು? ನಬಿಲಾಲಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. ನಾ ಒಂದಕ್ಕ ಹೋಗಿಲ್ರಿ. ಹೋಗಬೇಕು ಅಂತ ಅನಸವಲ್ದು. ಗ್ವಾಡಿ ಮುಂದ ಅರ್ಧಾ ತಾಸು ನಿಂತೆ, ಒಂದು ಹನಿ ಬರಲಿಲ್ಲ. ಟೆಂಪೋದಾಗ ಕುಂತ್ರ ಕುಂತದ್ದ ತಿಳೀಲಿಲ್ಲ, ಬ್ಯಾರೆ ಯಾರೋ ಕುಂತಂಗ. ನೋವ ಹೋತು ಅಂತ ಊರ ತುಂಬ ಪೇಡೆ ಹಂಚೇನಿ ಬಾಯಾರ... ನರಾನ ಹೋಗಾಕತ್ತಿತ್ತೇನು?

ಫೋನ್ ತಗೊಂಡ್ರಿ. ಸೊಲ್ಲಾಪುರಕ್ಕ ಹೌದಲ್ಲ? ಹಚ್ಚರಿ, ಹಚ್ಚರಿ. ನಬಿಲಾಲಾ! ಗಾಡಿ ತಿರಗಸೋ! ಕೊಯ್ಯಲಿ, ಏನರ ಮಾಡಲಿ. ಈಗ ಹೋದ್ರ ನರ ಉಳೀತೈತ್ಯಾ?... ಉಳೀತೈತ್ಯಾ ರೀ?

ಚೀಟ್ಯಾಗ ಒಂದಕ್ಕ ನಿಂತದ್ದು ಯಾವಾಗಿಂದ ಅಂತ ಬರೀಬೇಕೇನು? ಬರೀರಿ, ಈ ಸಲ ಸುಳ್ಳಿಲ್ಲ. ನಿನ್ನೆ ಊಟದ ಹೊತ್ತಿನಿಂದ ಇವತ್ತಿನ ಊಟದ ಹೊತ್ತಿನ ತನ. ಮಾರಿ ಮ್ಯಾಲ ಕಾಣಸದಂಗ ಮುಚ್ಚಿಟ್ಟು ನಾ ಗಳಿಸಿದ್ದು ಇಷ್ಟ: ಒಂದು ಹಗಲು, ಒಂದು ರಾತ್ರಿ.